ತಲೆಕೆಳಗಾಗಿ ಬೇರು ಬಿಡುವ ಜೇಕು

ಮಣಿಪಾಲದ ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟಿದವರಿಗೆಲ್ಲ ಹಿತ್ತಲಿನಲ್ಲಿ ಒಂದು ಒದ್ದೆ ಮೂಲೆ ಕಾಯಂ. ಮುರಕಲ್ಲಿನ ದರೆಯನ್ನು, ಗುಡ್ಡದ ಆ ಗೋಡೆಯನ್ನು, ಕಡಿದು ಜಾಗ ಸಮ ಮಾಡಿದ ಮೇಲೆ ಮಳೆಗಾಲದಲ್ಲಿ ಆ ದರೆಯ ಬುಡದಿಂದ ನೀರು ಜಿನುಗತೊಡಗುತ್ತದೆ. ಮಳೆ ನಿಂತು ತಿಂಗಳುಗಳಾದರೂ ಅದು ನಿಲ್ಲುವುದಿಲ್ಲ. ಬೇಸಗೆಯಲ್ಲಿ ಇನ್ನೇನು ಒಣಗಿತು ಅನ್ನುವಾಗ ನಮ್ಮ ಬಚ್ಚಲ ನೀರು ಹೋಗಿ ಅಲ್ಲಿಗೇ ಸೇರುತ್ತದೆ. ಹೀಗಾಗಿ ನಮ್ಮ ಮನೆಯ ಹಿಂದೆ, ಎರಡು ಕಾರು ನಿಲ್ಲುವಷ್ಟು ಜಾಗ, ವರ್ಷವಿಡೀ ಕೆಸರು.

ಎರಡು ಕಾರು ಎಂಬ ಅಳತೆ ನನ್ನದಲ್ಲ, ಗಂಡನದು. ಅವರು ಕಳೆದ ವರ್ಷ ಕಾಲೇಜಿನ ಆಫೀಸಿನಿಂದ ನಿವೃತ್ತರಾದರು. ನಿವೃತ್ತಿಯ ಮರುವಾರವೇ ಒಂದು ಟೇಪು ಕೊಂಡು ತಂದು ಮನೆಯ ಸುತ್ತ ಅಳೆಯಲು ಶುರುಮಾಡಿದರು. ಕೆಲಸವಿಲ್ಲದ ಗಂಡಸಿನ ಕೈಗೆ ಟೇಪು ಸಿಕ್ಕಿದರೆ ಮನೆಯ ಹೆಂಗಸರಿಗೆ ಉಳಿಗಾಲವಿಲ್ಲ. ಅಂಗಳ ಅಳೆದಾಯಿತು, ಬಾವಿಕಟ್ಟೆ ಅಳೆದಾಯಿತು, ನನ್ನ ಒಗೆಯುವ ಕಲ್ಲನ್ನೂ ಅಳೆದಾಯಿತು. ಕೊನೆಗೆ ತೀರ್ಪು ಹೊರಬಿತ್ತು: ಮಳೆಗಾಲ ಮುಗಿದ ಕೂಡಲೇ ಮನೆಯ ಸುತ್ತ ಇಂಟರ್‌ಲಾಕ್ ಹಾಕಿಸುವುದು, ಆ ಒದ್ದೆ ಮೂಲೆಗೆ ಮಣ್ಣು ತುಂಬಿಸಿ ಅಲ್ಲಿ ಕಾರು ನಿಲ್ಲಿಸುವುದು.

ನಮ್ಮ ಊರಿಗೆ ಈಗ ಈ ಇಂಟರ್‌ಲಾಕಿನ ಜ್ವರ ಬಂದಿದೆ. ಉಡುಪಿಯಿಂದ ಕಾರ್ಕಳದವರೆಗೆ ಬಸ್ಸಿನಲ್ಲಿ ಹೋದರೆ ರಸ್ತೆಬದಿಯ ಮನೆಗಳ ಅಂಗಳಗಳೆಲ್ಲ ಕೆಂಪು, ಬೂದಿ ಬಣ್ಣದ ಸಿಮೆಂಟು ಕಲ್ಲು ಹೊದ್ದುಕೊಂಡು ಒಂದೇ ತರ ಕಾಣುತ್ತವೆ. ನಾನು ಹಿರಿಯಡ್ಕದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ದಿನಾ ಅದೇ ದಾರಿ. ಕಿಟಕಿಯಿಂದ ನೋಡಿ ನೋಡಿ ನನಗೆ ಆ ಕಲ್ಲುಗಳ ಮೇಲೆ ವೈಯಕ್ತಿಕ ದ್ವೇಷವೇ ಬೆಳೆದಿತ್ತು. ಅದೇ ಕಲ್ಲು ನನ್ನ ಹಿತ್ತಲಿಗೆ ಬರುತ್ತದೆ ಎಂದಾಗ ನಾನು ಸಿಟ್ಟಿನಲ್ಲಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಆ ಮೂಲೆಯಲ್ಲಿ ನಾನು ತೋಟ ಮಾಡುತ್ತೇನೆ. ಅವರು ನಕ್ಕರು. ಸೊಳ್ಳೆಯ ತೋಟವಾ ಎಂದು ಕೇಳಿದರು. ಜಗಳ ಒಂದು ಒಪ್ಪಂದಕ್ಕೆ ಬಂದು ನಿಂತಿತು. ದೀಪಾವಳಿಯ ಒಳಗೆ ಆ ಮೂಲೆ ಕಣ್ಣಿಗೆ ಚಂದ ಕಂಡರೆ ಅದು ನನಗೆ, ಇಲ್ಲದಿದ್ದರೆ ಅವರ ಕಾರಿಗೆ.

ಮಾತು ಕೊಟ್ಟಾಗ ನನ್ನ ತಲೆಯಲ್ಲಿ ಯಾವ ಗಿಡವೂ ಇರಲಿಲ್ಲ. ಗುಲಾಬಿ ಕೊಳೆಯುತ್ತದೆ, ದಾಸವಾಳ ಕೊರಗುತ್ತದೆ, ಕೆಸು ನೆಟ್ಟರೆ ಗಂಡ ಅದನ್ನು ತೋಟ ಎಂದು ಒಪ್ಪುವುದಿಲ್ಲ. ಆಗ ಕಾಪುವಿನಲ್ಲಿರುವ ಅಕ್ಕನ ಮನೆ ನೆನಪಾಯಿತು. ಅವಳ ಬಾವಿಯ ಹತ್ತಿರ, ಒಗೆದ ನೀರು ಹೋಗುವ ಚರಂಡಿಯ ಬದಿಯಲ್ಲಿ, ಹುಲ್ಲಿನಂಥ ಗಿಡದ ಆಳೆತ್ತರದ ಒಂದು ಹಿಂಡಿಲು, ದಟ್ಟ ಪೊದೆ, ಯಾರ ಹಂಗೂ ಇಲ್ಲದೆ ಬೆಳೆದುಕೊಂಡಿತ್ತು. ನುಣ್ಣನೆಯ ಹಸಿರು ದಂಟು, ಅದರಲ್ಲಿ ಎಲ್ಲೂ ಗಂಟಿಲ್ಲ, ಎಲೆಯಿಲ್ಲ. ತುದಿಯಲ್ಲಿ ಮಾತ್ರ ಎಲೆಗಳು ಕೊಡೆಯ ಕಡ್ಡಿಗಳಂತೆ ಸುತ್ತಲೂ ಹರಡಿರುತ್ತವೆ. ನರ್ಸರಿಯವರು ಅದಕ್ಕೆ ಅಂಬ್ರೆಲಾ ಪಾಮ್ ಎನ್ನುತ್ತಾರೆ. ಅದಕ್ಕೂ ತಾಳೆಗೂ ಸಂಬಂಧವೇ ಇಲ್ಲ, ಅದು ಜೇಕಿನ ಜಾತಿ. ದಂಟನ್ನು ಬೆರಳಿನಲ್ಲಿ ಉರುಳಿಸಿದರೆ ಮೂರು ಏಣು ತಾಗುತ್ತವೆ, ಹುಲ್ಲಾದರೆ ದುಂಡಗೆ ಉರುಳುತ್ತದೆ.

ಅಕ್ಕ ಮೊದಲು ನಂಬಲಿಲ್ಲ. ಚರಂಡಿಯ ಗಿಡ ಕೇಳಿಕೊಂಡು ಮಣಿಪಾಲದಿಂದ ಬಸ್ಸು ಹತ್ತಿ ಬಂದವಳು ನೀನೊಬ್ಬಳೇ ಎಂದು ತಮಾಷೆ ಮಾಡಿದಳು. ಆದರೆ ಕತ್ತಿ ಹಿಡಿದು ಬಂದು ಅದನ್ನು ಬೆಳೆಸುವ ಉಪಾಯ ತೋರಿಸಿದ್ದೂ ಅವಳೇ. ಬುಡ ಅಗೆದು ಹಿಸ್ಸೆ ಮಾಡಿ ನೆಡಬಹುದು, ಆದರೆ ಅದು ಬಸ್ಸಿನಲ್ಲಿ ಒಯ್ಯುವ ಸಾಮಾನಲ್ಲ. ಸುಲಭದ ದಾರಿ ಬೇರೆ ಇದೆ. ತುದಿಯ ಎಲೆಗಳ ಕೊಡೆಯನ್ನು ಬೆರಳುದ್ದ ದಂಟಿನ ಸಮೇತ ಕತ್ತರಿಸಬೇಕು, ಎಲೆಗಳ ತುದಿಯನ್ನು ಅರ್ಧಕ್ಕೆ ಸವರಬೇಕು, ಆಮೇಲೆ ಅದನ್ನು ಒಂದು ಬೇಸಿನ್ ನೀರಿನಲ್ಲಿ ತಲೆಕೆಳಗಾಗಿ ಇಡಬೇಕು. ಕೊಡೆ ನೀರಿನೊಳಗೆ, ದಂಟು ಆಕಾಶಕ್ಕೆ. ಬೇರು ಬರುವುದು ಕೊಡೆಯ ನಡುವಿನಿಂದ, ಹೊಸ ಚಿಗುರು ಬರುವುದೂ ಅಲ್ಲಿಂದಲೇ. ನಾನು ಒಂದು ದೊಡ್ಡ ಕೈಚೀಲ ತುಂಬ ಕೊಡೆಗಳನ್ನು ತುಂಬಿಸಿಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸು ಇದು ಯಾವ ಪೂಜೆಗೆ ಎಂದು ಭಕ್ತಿಯಿಂದ ವಿಚಾರಿಸಿದರು.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ನಮ್ಮ ಮನೆಮಾತು ತುಳು, ಅತ್ತೆಯನ್ನು ನಾನು ಮಾಮಿ ಎಂದು ಕರೆಯುವುದು. ಎಂಬತ್ತರ ಹತ್ತಿರ ಬಂದರೂ ಬೆನ್ನು ಬಾಗದ ಹೆಂಗಸು. ಇನ್ನಂಜೆಯಲ್ಲಿ ಅವರ ಗದ್ದೆ ಇತ್ತು. ಮಾಮಿ ಮದುವೆಯಾಗಿ ಬಂದ ವರ್ಷದಿಂದ ಅದರಲ್ಲಿ ನೇಜಿ ನೆಟ್ಟವರು. ನೇಜಿ ಎಂದರೆ ಭತ್ತದ ಸಸಿ. ನೆಡುವವರು ಸಿಗದೆ ಗದ್ದೆ ಹಡೀಲು ಬಿದ್ದು ಪಾಳಾಯಿತು. ಆಮೇಲೆ ಮನೆಯವರೆಲ್ಲ ಕೂತು ಮಾತಾಡಿ ಅದನ್ನು ಮಾರಿದರು. ಕೊಂಡವರು ಕೆಂಪು ಮಣ್ಣು ತುಂಬಿಸಿದರು. ಮಾಮಿ ನಮ್ಮಲ್ಲಿಗೆ ಬಂದರು. ಬಂದ ಮೇಲೆ ಗದ್ದೆಯ ಹೆಸರೆತ್ತಿದವರಲ್ಲ. ಟಿವಿ ನೋಡುತ್ತಾರೆ, ತರಕಾರಿ ಹೆಚ್ಚುತ್ತಾರೆ, ಊಟಕ್ಕೆ ಕರೆದರೆ ಬರುತ್ತಾರೆ. ನೆಂಟರ ಮನೆಗೆ ಬಂದವರು ಇರುವ ಹಾಗೆ, ಒಂದು ಸೌಟನ್ನೂ ಜಾಗ ಬದಲಿಸದೆ ಇದ್ದರು. ಅತ್ತೆ ಅಂದಮೇಲೆ ಸ್ವಲ್ಪವಾದರೂ ದರ್ಬಾರು ನಡೆಸಬೇಕು. ಹೀಗೆ ತಣ್ಣಗಿದ್ದರೆ ಸೊಸೆಗೆ ಜಗಳಾಡಲು ಯಾರಿದ್ದಾರೆ? ನನಗೆ ಅದೊಂದು ಬೇಸರವಿತ್ತು.

ನನ್ನ ಚೀಲದಿಂದ ಕೊಡೆಗಳು ಹೊರಬಿದ್ದಾಗ ಅವರು ಒಂದನ್ನು ಎತ್ತಿ ದಂಟು ಉರುಳಿಸಿ ನೋಡಿದರು. ಜೇಕು, ಗದ್ದೆಯ ಕಳೆ ಎಂದರು. ಇದನ್ನು ಕಿತ್ತು ಕಿತ್ತು ಬೆನ್ನು ಹೋಗಿದೆ, ನೀನು ಬಸ್ ಚಾರ್ಜು ಕೊಟ್ಟು ತಂದೆಯಾ ಎಂದು ಕೇಳಿದರು. ನಾನು ಇದು ಬೇರೆ, ಚಂದಕ್ಕೆ ಬೆಳೆಸುವುದು ಎಂದೆ. ಅವರು ಟಿವಿಗೆ ಮರಳಿದರು.

ಬಚ್ಚಲ ಕಟ್ಟೆಯ ಮೇಲೆ ಎರಡು ಬೇಸಿನ್ ಇಟ್ಟು, ಅಕ್ಕ ಹೇಳಿದಂತೆ ಕೊಡೆಗಳನ್ನು ತಲೆಕೆಳಗಾಗಿ ನೀರಿಗೆ ಹಾಕಿದೆ. ಗಂಡ ಸೊಳ್ಳೆ ಎಂದು ಬಾಯಿ ತೆರೆಯುವ ಮೊದಲೇ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನಿನ ಮರಿಗಳನ್ನು ತಂದು ಬಿಟ್ಟೆ. ಮರುದಿನ ಶಾಲೆಯಿಂದ ಬಂದು ನೋಡುತ್ತೇನೆ, ಕೊಡೆಗಳೆಲ್ಲ ನೆಟ್ಟಗೆ ನಿಂತಿವೆ. ದಂಟು ನೀರಿನಲ್ಲಿ, ಎಲೆ ಮೇಲೆ, ಹೂದಾನಿಯಲ್ಲಿ ಇಟ್ಟ ಹಾಗೆ. ಗಾಳಿಗೆ ಮಗುಚಿದ್ದಾವು ಎಂದುಕೊಂಡು ಮತ್ತೆ ತಿರುಗಿಸಿಟ್ಟೆ. ಅದರ ಮರುದಿನವೂ ಅದೇ ಕತೆ. ಎರಡು ಬೇಸಿನ್ನಿನ ಅಷ್ಟೂ ಕೊಡೆಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸುವ ಗಾಳಿ ಮಣಿಪಾಲದಲ್ಲಿ ಬೀಸುವುದಿಲ್ಲ.

ನನ್ನ ಸಂಶಯ ಟೇಪು ಹಿಡಿದವರ ಮೇಲೆ ಹೋಯಿತು. ಒಪ್ಪಂದದಲ್ಲಿ ಸೋಲುವ ಭಯಕ್ಕೆ ಹೀಗೆ ಕಳ್ಳಾಟ ಆಡುವುದು ನಿವೃತ್ತ ಸೂಪರಿಂಟೆಂಡೆಂಟರಿಗೆ ಶೋಭೆಯಲ್ಲ ಎಂದು, ಮನೆಗೆ ಬಂದ ನೆಂಟರ ಎದುರೇ ಹೇಳಿದೆ. ಅವರು ಕಕ್ಕಾಬಿಕ್ಕಿಯಾದರು. ನಾನು ಮುಟ್ಟಿಲ್ಲ ಎಂದು ದೇವರಾಣೆ ಹಾಕಿದರು. ಅವರು ದೇವರಾಣೆ ಹಾಕುವುದು ಅಪರೂಪ, ಅದರಿಂದಲೇ ನನ್ನ ಸಂಶಯ ಗಟ್ಟಿಯಾಯಿತು. ನಾನು ಸಂಜೆ ತಿರುಗಿಸುವುದು, ಹಗಲಿನಲ್ಲಿ ಅವು ಎದ್ದು ನಿಲ್ಲುವುದು. ದಿನ ಕಳೆದ ಹಾಗೆ ಎಲೆಗಳು ಹಳದಿಯಾದವು, ದಂಟಿನ ತುದಿ ಕೊಳೆಯಿತು. ಜೋರು ಮಳೆಯ ಆಟಿ ತಿಂಗಳು ಅರ್ಧ ಮುಗಿದಿತ್ತು, ನನ್ನ ತೋಟದಲ್ಲಿ ಒಂದು ಬೇರು ಸಹ ಹುಟ್ಟಿರಲಿಲ್ಲ.

ಶನಿವಾರ ಶಾಲೆ ಬೆಳಗ್ಗೆ ಮಾತ್ರ. ಆ ಶನಿವಾರ ಬೇಗ ಬಂದವಳು ಹಿಂದಿನ ಬಾಗಿಲಿನಲ್ಲಿ ಹಾಗೆಯೇ ನಿಂತುಬಿಟ್ಟೆ. ಮಾಮಿ ಬಚ್ಚಲ ಕಟ್ಟೆಯ ಮೇಲೆ ಕುಳಿತು ಕೊಡೆಗಳನ್ನು ಒಂದೊಂದಾಗಿ ಎತ್ತಿ, ನೀರು ಕೊಡವಿ, ನೆಟ್ಟಗೆ ಮಾಡಿ ಇಡುತ್ತಿದ್ದರು. ಕೈ ಎಷ್ಟು ಚುರುಕಾಗಿ ಓಡುತ್ತಿತ್ತೆಂದರೆ ನನಗೆ ಕಣ್ಣು ಕೀಳಲಾಗಲಿಲ್ಲ. ಕೊನೆಗೆ, ಎಂತ ಮಾಡ್ತಿದ್ದೀರಿ ಮಾಮಿ ಎಂದು ಕೇಳಿದೆ.

ಅವರು ಬೆಚ್ಚಲೂ ಇಲ್ಲ, ನಾಚಲೂ ಇಲ್ಲ.

"ನೀನು ಟೀಚರ್ ಹೌದು, ಆದರೆ ನೇಜಿ ಹಿಡಿದವಳಲ್ಲ ಅಲ್ವಾ," ಎಂದರು. "ತಲೆಕೆಳಗಾಗಿ ಬಿದ್ದದ್ದನ್ನು ಹಾಗೇ ಬಿಡ್ಲಿಕ್ಕೆ ಉಂಟಾ? ಅದಕ್ಕೆ ಉಸಿರು ಕಟ್ಟುವುದಿಲ್ವಾ?"

ಆಮೇಲೆ ಅವರೇ ವಿವರಿಸಿದರು. ನೇಜಿಯ ಸೂಡಿಗಳನ್ನು, ಅಂದರೆ ಕಟ್ಟುಗಳನ್ನು, ಗದ್ದೆಯ ಬದುವಿನಿಂದ ಕೆಸರಿಗೆ ಎಸೆಯುತ್ತಾರೆ. ಎಸೆದಾಗ ಕೆಲವು ತಲೆ ಕೆಳಗೆ, ಬೇರು ಮೇಲೆ ಮಾಡಿ ಬೀಳುತ್ತವೆ. ನೆಡಲು ಇಳಿದ ಹೆಂಗಸು ಮೊದಲು ಮಾಡುವ ಕೆಲಸ ಅವನ್ನು ನೆಟ್ಟಗೆ ನಿಲ್ಲಿಸುವುದು. ಮಾತಾಡುತ್ತಾ ಇದ್ದರೂ, ಯಾರನ್ನೋ ಬೈಯುತ್ತಾ ಇದ್ದರೂ ಕೈ ತನ್ನಷ್ಟಕ್ಕೆ ಹೋಗುತ್ತದೆ. ಅವರ ಕೈ ಇಲ್ಲಿಯೂ ತನ್ನಷ್ಟಕ್ಕೆ ಹೋಗಿತ್ತು. ನಾನು ಮಕ್ಕಳ ಪಾಠದ ಗಡಿಬಿಡಿಯಲ್ಲಿ ಉಲ್ಟಾ ಹಾಕಿ ಹೋಗುತ್ತಿದ್ದೇನೆ ಎಂದು ಅವರು ತಿಳಿದಿದ್ದರಂತೆ. ಸೊಸೆಗೆ ಹೇಳಿ ಯಾಕೆ ಬೇಸರ ಮಾಡುವುದು ಎಂದು ಸುಮ್ಮನೆ ಸರಿಮಾಡುತ್ತಿದ್ದರಂತೆ.

ಹತ್ತಿರ ಬಂದಿದ್ದ ನಾನು ನಗಲು ಹೊರಟು ಬೇಸಿನ್ ಮೇಲೆಯೇ ಬೀಳುವುದರಲ್ಲಿದ್ದೆ. ಅಷ್ಟರಲ್ಲಿ ಬೇಸಿನ್ನುಗಳ ಹಿಂದೆ, ನೀರು ಮೊಗೆಯುವ ಒಂದು ಹಳೆಯ ಚೊಂಬಿನಲ್ಲಿ ಒಂದು ಕೊಡೆ ಕಣ್ಣಿಗೆ ಬಿತ್ತು. ಜಾಗ ಸಾಲದೆ ಮೊದಲ ದಿನ ನಾನೇ ಅದರಲ್ಲಿ ಹಾಕಿದ್ದು, ಮಾಮಿಯ ಕೈ ಅಲ್ಲಿಗೆ ಹೋಗಿರಲಿಲ್ಲ. ಎತ್ತಿ ನೋಡಿದರೆ ಕೊಡೆಯ ನಡುವಿನಿಂದ ಬಿಳಿ ಬೇರಿನ ಒಂದು ಗೊಂಚಲು ಇಳಿದಿತ್ತು, ಪಕ್ಕದಿಂದ ಸೂಜಿಯಂಥ ಹಸಿರು ಚಿಗುರುಗಳು ಮೇಲಕ್ಕೆ ಮುಖ ಮಾಡಿದ್ದವು. ಅದನ್ನು ಮಾಮಿಯ ಅಂಗೈಯಲ್ಲಿಟ್ಟೆ. ಅವರು ಬೇರನ್ನು ಉಗುರಿನಿಂದ ಬಿಡಿಸಿ ನೋಡಿದರು, ಚಿಗುರನ್ನು ಮುಟ್ಟಿ ನೋಡಿದರು, ಇನ್ನೊಮ್ಮೆ ಇಡೀ ಕೊಡೆಯನ್ನು ತಿರುಗಿಸಿ ನೋಡಿದರು.

"ತಲೆಯಿಂದ ಬೇರು ಬಿಡುತ್ತದಾ? ಇದೆಂತ ಹುಚ್ಚು ಜಾತಿ ಮಾರಾಯ್ತಿ," ಎಂದು ನಕ್ಕರು. ನಮ್ಮ ಮನೆಗೆ ಬಂದ ಮೇಲೆ ಅವರು ಅಷ್ಟು ಗಟ್ಟಿಯಾಗಿ ನಕ್ಕದ್ದು ನಾನು ಕೇಳಿರಲಿಲ್ಲ. ಒಳಗಿನಿಂದ ಗಂಡ ಓಡಿ ಬಂದರು, ಏನಾಯಿತೋ ಎಂದು. ನಿರಪರಾಧಿ ಎಂದು ಸಾಬೀತಾದ ಮೇಲೆ ಅವರ ಮುಖ ನೋಡಬೇಕಿತ್ತು. ನೆಂಟರನ್ನೆಲ್ಲ ಮತ್ತೆ ಕರೆಸಿ ಹೇಳು ಎಂದು ಹಟ ಹಿಡಿದರು.

ಅಂದಿನಿಂದ ಬೇಸಿನ್ನುಗಳ ಯಜಮಾನಿಕೆ ಮಾಮಿಯ ಪಾಲಾಯಿತು. ಅಕ್ಕನಿಗೆ ಫೋನು ಮಾಡಿ ಇನ್ನೊಂದು ಚೀಲ ಕೊಡೆಗಳನ್ನು ತರಿಸಿದರು. ಎಲೆ ಸವರುವುದು, ನೀರು ಬದಲಿಸುವುದು, ಗಪ್ಪಿಗೆ ಅನ್ನದ ಅಗುಳು ಹಾಕುವುದು ಎಲ್ಲ ಅವರದ್ದೇ. ಈಗ ಕೊಡೆಗಳು ಶಿಸ್ತಾಗಿ ತಲೆಕೆಳಗಾಗಿ ಇದ್ದವು. ನಾನು ಮುಟ್ಟಿದರೆ ಕೈ ತೆಗೆ ಎನ್ನುತ್ತಿದ್ದರು. ಮಳೆ ಸ್ವಲ್ಪ ಬಿಡುವು ಕೊಟ್ಟ ಹೊತ್ತಿಗೆ ಎರಡೂ ಬೇಸಿನ್ನುಗಳಲ್ಲಿ ಬೇರು ಹೆಣೆದುಕೊಂಡು ಚಿಗುರು ಗೇಣುದ್ದ ಬಂದಿತ್ತು.

ನೆಡುವ ದಿನ ನನಗೂ ಮಾಮಿಗೂ ಮೊದಲ ಜಗಳವಾಯಿತು. ನಾನು ಎಷ್ಟೋ ದಿನದಿಂದ ಹಂಬಲಿಸಿದ್ದ ಅತ್ತೆ ಸೊಸೆಯರ ಜಗಳ. ನನ್ನ ಲೆಕ್ಕದಲ್ಲಿ ತೋಟವೆಂದರೆ ಅಲ್ಲೊಂದು ಗುಂಪು, ಇಲ್ಲೊಂದು ಗುಂಪು, ನಡುವೆ ಎರಡು ಚಪ್ಪಟೆ ಕಲ್ಲು. ಯೂಟ್ಯೂಬಿನಲ್ಲಿ ಹಾಗೆಯೇ ತೋರಿಸಿದ್ದರು. ಮಾಮಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ ಕೆಸರಿಗೆ ಇಳಿದವರು ನನ್ನ ಗುಂಪುಗಳನ್ನು ನೋಡಿ ಹೀಗೆ ಯಾರು ನೆಡುತ್ತಾರೆ ಎಂದು ಬೈದು, ಎಲ್ಲವನ್ನೂ ಕಿತ್ತು ಎಡಗೈಯಲ್ಲಿ ಹಿಡಿದರು. ಬಲಗೈಯಿಂದ ಒಂದೊಂದೇ ಸಸಿಯನ್ನು ಬೆರಳುಗಳಿಂದ ಒತ್ತಿ ಕೆಸರಿಗೆ ಊರುತ್ತಾ, ಒಂದು ಗೇಣಿಗೆ ಒಂದು, ಸಾಲು ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದರು. ನಾನು ಇದು ಭತ್ತ ಅಲ್ಲ ಎಂದೆ. ಗೊತ್ತುಂಟು ಎಂದರು. ಇಷ್ಟು ಹತ್ತಿರ ಹತ್ತಿರ ಬೇಡ, ಅದು ಹಿಂಡಿಲು ಕಟ್ಟಿ ಹಬ್ಬುತ್ತದೆ ಎಂದೆ. ಹಬ್ಬಲಿ, ಹಬ್ಬಿದ ಮೇಲೆ ನಡುವಿನದ್ದನ್ನು ಕೀಳುವ ಎಂದರು. ಕೊನೆಗೆ ನಾನು ಗಂಟಲು ನೋವು ಮಾಡಿಕೊಂಡು ಬದುವಿನಲ್ಲಿ ಕುಳಿತೆ. ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚು ಸಂತೋಷವಾಗಿತ್ತು. ಸಂಜೆಗೆ ನನ್ನ ಅಲಂಕಾರದ ತೋಟ ಒಂದು ಪುಟ್ಟ ಗದ್ದೆಯಾಗಿ ತಯಾರಾಯಿತು.

ಜೇಕು ಬೆಳೆಯುವ ವೇಗವನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಬುಡ ಒದ್ದೆಯಾಗಿದ್ದು, ಅರ್ಧ ದಿನ ಬಿಸಿಲು ಬಿದ್ದರೆ ಅದಕ್ಕೆ ಬೇರೆ ಯಾವ ಉಪಚಾರವೂ ಬೇಡ. ದರೆಯ ಒರತೆಯ ನೀರು, ಬಚ್ಚಲ ನೀರು ಎರಡನ್ನೂ ಕುಡಿಯಿತು. ನಿಂತ ನೀರು ಕಡಿಮೆಯಾಯಿತು, ಗಂಡನ ಸೊಳ್ಳೆಯ ವಾದ ದುರ್ಬಲವಾಯಿತು. ಹೊಸ ದಂಟುಗಳು ನೆಲದಿಂದ ಮಡಚಿದ ಕೊಡೆಯಂತೆ ಎದ್ದು, ಎತ್ತರಕ್ಕೆ ಹೋಗಿ ಬಿಚ್ಚಿಕೊಳ್ಳುತ್ತಿದ್ದವು. ನವರಾತ್ರಿ ಕಳೆಯುವಾಗ ನನ್ನ ಸೊಂಟದವರೆಗೆ ಬಂತು. ಸಾಲುಗಳು ಒಂದಕ್ಕೊಂದು ಕೂಡಿಕೊಂಡವು. ಗಾಳಿ ಬಂದರೆ ಇಡೀ ಮೂಲೆ ಒಂದೇ ಸಲ ಬಾಗಿ ಏಳುತ್ತಿತ್ತು. ಒಂದು ಬೆಳಗ್ಗೆ ಬಿಳಿ ಎದೆಯ ಹುಂಡುಕೋಳಿ ಎಂಬ ಜೌಗಿನ ಹಕ್ಕಿಯೊಂದು ಮರಿಗಳ ಸಮೇತ ಒಳಗಿನಿಂದ ಹೊರಗೆ ಬಂದು, ನಮ್ಮ ಒಗೆಯುವ ಕಲ್ಲಿನ ಮುಂದೆ ನಡೆದು, ಪುನಃ ಒಳಗೆ ಹೋಯಿತು. ಮಾಮಿ ಅದನ್ನು ಫೋನಿನಲ್ಲಿ ಇನ್ನಂಜೆಯ ಹಳೆಯ ನೆರೆಯವರಿಗೆಲ್ಲ ವರದಿ ಮಾಡಿದರು. ಈಗ ಅವರು ಬೆಳಗ್ಗೆ ಎದ್ದರೆ ಮೊದಲು ಹಿಂದಿನ ಬಾಗಿಲು ತೆರೆಯುತ್ತಾರೆ. ನನ್ನ ಅಡುಗೆಮನೆಯ ಡಬ್ಬಿಗಳನ್ನೂ ತಮಗೆ ಬೇಕಾದ ಹಾಗೆ ಜೋಡಿಸಿದ್ದಾರೆ, ಹುಡುಕಿದರೂ ನನಗೆ ಸಾಸಿವೆ ಸಿಗುವುದಿಲ್ಲ.

ಚಂದವಾಗಿದೆ ಎಂದು ಗಂಡ ಬಾಯಿಬಿಟ್ಟು ಒಪ್ಪಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ದೀಪಾವಳಿ ಹತ್ತಿರವಾದಾಗ ಕಾರ್ಕಳದ ಕಡೆಯಿಂದ ಇಂಟರ್‌ಲಾಕ್ ಕಲ್ಲಿನ ಲಾರಿ ಬಂದು ಗೇಟಿನಲ್ಲಿ ನಿಂತಿತು. ಮೊದಲೇ ಹೇಳಿಟ್ಟದ್ದಂತೆ, ಬೇಡ ಎನ್ನಲು ಆಗುವುದಿಲ್ಲವಂತೆ. ಅಂಗಳಕ್ಕೆ ಮಾತ್ರವಾ ಎಂದು ಕೇಳಿದೆ. ಅವರು ಟೇಪು ಬಿಡಿಸುತ್ತಾ, ಹಿಂದೆಯೂ ಒಮ್ಮೆ ಅಳೆದು ನೋಡುವ ಎಂದರು. ಒಪ್ಪಂದವನ್ನು ನೆನಪಿಸಿದೆ. ಒಪ್ಪಂದ ಸರಿ, ಕಾರು ಬಿಸಿಲಿಗೆ ಬಣ್ಣ ಬಿಡುತ್ತಿರುವುದೂ ಸರಿಯೇ ಅಲ್ವಾ ಎಂದರು. ನಾನು ಬಾಯಿ ಜೋರು ಮಾಡಿದೆ, ಅವರೂ ಮಾಡಿದರು. ಜಗಳವಾಡುತ್ತಾ ಇಬ್ಬರೂ ಹಿತ್ತಲಿಗೆ ಬಂದೆವು, ಹಿಂದೆಯೇ ಕಲ್ಲು ಹಾಕುವ ಮೇಸ್ತ್ರಿ.

ಮಾಮಿ ಜೇಕಿನ ನಡುವೆ ನಿಂತು ಒಣಗಿದ ದಂಟುಗಳನ್ನು ಬುಡದಲ್ಲಿ ಕೊಯ್ಯುತ್ತಿದ್ದರು. ತಲೆ ಮಾತ್ರ ಕಾಣುತ್ತಿತ್ತು. ಬೇಸಿನ್ನಿನಲ್ಲಿ ಹೊಸದಾಗಿ ಬೇರು ಬಿಟ್ಟ ಸಸಿಗಳ ಸೂಡಿ ಬದುವಿನ ಮೇಲಿತ್ತು. ಮೇಸ್ತ್ರಿ ಮೂಲೆಯನ್ನು ಒಮ್ಮೆ ನೋಡಿ, ಇದಕ್ಕೆ ಮಣ್ಣು ಎಷ್ಟು ಲೋಡು ಬೇಕಾದೀತು ಎಂದು ಗಂಡನನ್ನು ಕೇಳಿದ. ಮಣ್ಣು ಎಂಬ ಮಾತಿಗೆ ಮಾಮಿ ನೆಟ್ಟಗಾದರು. ದಂಟುಗಳನ್ನು ಎರಡೂ ಕೈಯಿಂದ ಸರಿಸಿ ಬದುವಿನವರೆಗೆ ಬಂದರು. ಸುಮ್ಮನೆ ಅಳೆಯುವುದು ಅಷ್ಟೇ ಅಮ್ಮ ಎಂದು ಗಂಡ ಏನೋ ಹೇಳಲು ಹೋದರು.

"ಇನ್ನಂಜೆಯಲ್ಲಿ ಮಣ್ಣು ಹಾಕುವಾಗ ನನ್ನನ್ನು ಯಾರೂ ಕೇಳಲಿಲ್ಲ," ಎಂದರು ಮಾಮಿ. ಸ್ವರ ಏರಿರಲಿಲ್ಲ. "ನಾನೂ ಎಂತ ಹೇಳಲಿಲ್ಲ. ಇವತ್ತು ಹೇಳ್ತೇನೆ. ಇಲ್ಲಿಗೆ ಮಣ್ಣು ಬೇಡ."

ಗಂಡನ ಮುಖ ಸಣ್ಣದಾಯಿತು. ಗದ್ದೆ ಮಾರುವ ಕಾಗದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಅಮ್ಮನಿಗೆ ಇನ್ನು ಕಷ್ಟ ಬೇಡ ಎಂದೇ ಹಾಕಿದ್ದರು, ಅದು ನನಗೂ ಗೊತ್ತು. ಅವರು ಟೇಪನ್ನು ಸುತ್ತಿ ಕಿಸೆಗೆ ಹಾಕಿಕೊಂಡು, ಅಂಗಳಕ್ಕೆ ಮಾತ್ರ ಹಾಕಿದರೆ ಸಾಕು ಎಂದು ಮೇಸ್ತ್ರಿಯನ್ನು ಕಳಿಸಿದರು. ತಾವು ಮಾತ್ರ ಹೋಗಲಿಲ್ಲ. ತಪ್ಪು ಮಾಡಿದ ಹುಡುಗನಂತೆ ಬದುವಿನಲ್ಲೇ ನಿಂತರು. ಮಾಮಿ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಅಲ್ಲಿ ನಿಂತು ಎಂತ ನೋಡ್ತಿ? ಇಳಿ. ಆ ಬದಿಯಲ್ಲಿ ಸಾಲು ಖಾಲಿ ಉಂಟು, ಸಸಿಯೂ ಉಂಟು."

"ನೀನು ನನ್ನನ್ನು ಒಂದು ದಿನವೂ ಗದ್ದೆಗೆ ಇಳಿಸಲಿಲ್ಲ ಅಲ್ವಾ ಅಮ್ಮ," ಎಂದರು ಇವರು. "ಬಂದರೆ ಓಡಿಸುತ್ತಿದ್ದೆ. ನನಗೆ ನೆಡಲಿಕ್ಕೆ ಬರುವುದಿಲ್ಲ."

"ಆಗ ನಿನಗೆ ಓದ್ಲಿಕ್ಕಿತ್ತು," ಎಂದರು ಮಾಮಿ. "ಈಗ ಎಂತ ಉಂಟು?"

ಗಂಡ ಇಸ್ತ್ರಿ ಮಾಡಿದ ಪ್ಯಾಂಟನ್ನು ಮಡಚಿ ಮಡಚಿ ಮೊಣಕಾಲಿನವರೆಗೆ ಏರಿಸಿದರು. ಒಂದು ಕಾಲು ಇಟ್ಟು ನೋಡಿದರು, ಇನ್ನೊಂದನ್ನು ಇಡುವಾಗ ಜಾರಿ ಅಮ್ಮನ ಹೆಗಲು ಹಿಡಿದರು. ಮಾಮಿ ಅಲುಗಾಡದೆ ನಿಂತಿದ್ದರು. ಮಗನ ಎಡಗೈಗೆ ಸಸಿಗಳ ಒಂದು ಸೂಡಿ ಕೊಟ್ಟು, ಬಲಗೈಯ ಬೆರಳುಗಳನ್ನು ಹಿಡಿದು ಮೊದಲನೆಯದನ್ನು ತಾವೇ ಊರಿಸಿದರು. ನಾನೂ ಸೆರಗು ಸಿಕ್ಕಿಸಿ ಇಳಿಯಲು ಹೊರಟೆ. ಮಾಮಿ ತಿರುಗಿಯೂ ನೋಡದೆ, ನೀನು ಹೋಗಿ ಚಹಾಕ್ಕೆ ಇಡು, ಇವತ್ತು ಇವನು ನೆಡಲಿ ಎಂದರು.